ಸಹಾಯ ಬೇಕು: ಉಪ್ಪುನೀರಿನ ಮೀನುಗಳಿಗೆ ಕ್ವಾರಂಟೈನ್ ಟ್ಯಾಂಕ್

ಎಲ್ಲರಿಗೂ ನಮಸ್ಕಾರ. ಹೊಸ ಮೀನುಗಳನ್ನು ಮುಖ್ಯ ಟ್ಯಾಂಕಿಗೆ ಬಿಡುವ ಮೊದಲು ಬೇರೆಯಾಗಿಡಲು 80 ಲೀಟರಿನ ಟ್ಯಾಂಕ್ ಸಿದ್ಧ ಮಾಡುತ್ತಿದ್ದೇನೆ. ಮರಳು, ಕಲ್ಲು ಹಾಕಿಲ್ಲ. ಎರಡೂ ಬಿಳಿಚುಕ್ಕೆ ರೋಗಕ್ಕೆ ನೀರಿಗೆ ಹಾಕುವ ತಾಮ್ರದ ಔಷಧವನ್ನು ಹೀರಿಕೊಳ್ಳುತ್ತವೆ. ಅಡಗಲು ಪಿವಿಸಿ ಪೈಪಿನ ತುಂಡುಗಳು, ಹೀಟರ್, ಮೀನು ಹಾರದಂತೆ ಮೇಲೊಂದು ಬಲೆ. ಮೀನಿನ ತ್ಯಾಜ್ಯದಿಂದಾಗುವ ವಿಷಕಾರಿ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ಕೂರಲೆಂದು ಫಿಲ್ಟರ್ ಸ್ಪಂಜನ್ನು ಈಗಾಗಲೇ ಮುಖ್ಯ ಟ್ಯಾಂಕಿನ ಸಂಪಿನಲ್ಲಿ (ಅದಕ್ಕೆ ಜೋಡಿಸಿದ, ನೀರು ಶೋಧಿಸುವ ತೊಟ್ಟಿಯಲ್ಲಿ) ಇಟ್ಟಿದ್ದೇನೆ.

ಚಿಂತೆಯೆಲ್ಲ ಅಮೋನಿಯಾದ್ದೇ. ತಾಮ್ರ ಇರುವಾಗ ಅಮೋನಿಯಾ ತಗ್ಗಿಸಲು ನೀರಿಗೆ ಬೆರೆಸುವ ಕಂಡೀಷನರ್ ಹಾಕಲು ಧೈರ್ಯ ಬರುತ್ತಿಲ್ಲ, ಕೆಲವು ಕಂಡೀಷನರ್‌ಗಳು ತಾಮ್ರವನ್ನು ಇನ್ನಷ್ಟು ವಿಷವಾಗಿಸುತ್ತವೆ. ನೀರು ಬದಲಿಸಿದರೆ ತಾಮ್ರದ ಮಟ್ಟ ಇಳಿದು ಬಿಳಿಚುಕ್ಕೆಯ ಪರಾವಲಂಬಿ ಬದುಕಿಬಿಡುತ್ತದೆ.

ಹೊಸ ನೀರಿಗೆ ಮೊದಲೇ ಅಷ್ಟೇ ತಾಮ್ರ ಬೆರೆಸಿ ಬದಲಿಸುವವರು ಯಾರಾದರೂ ಇದ್ದೀರಾ? ಒಂದು ಸ್ಪಂಜ್ ಸಾಕಾ, ಎರಡು ಬೇಕಾ? ಮೀನು ತರುವ ಮೊದಲೇ ಇದನ್ನು ಸರಿಮಾಡಿಕೊಳ್ಳಬೇಕು, ದಯವಿಟ್ಟು ನಿಮ್ಮ ಅನುಭವ ಹೇಳಿ.