ರಂಬುಟಾನ್, ಮ್ಯಾಂಗೊಸ್ಟೀನ್‌ಗೆ ಬೇಸಿಗೆ ನೀರು: ಬೆಳೆಸಿ ನೋಡಿದವರು ಹೇಳಿ

ಮಿರ್ಜಾನ್ ಹಿತ್ತಲು: ಜಂಬಿಟ್ಟಿಗೆ ನೆಲ. 30 ರಂಬುಟಾನ್, 12 ಮ್ಯಾಂಗೊಸ್ಟೀನ್, ಇದು ಎರಡನೇ ಬೇಸಿಗೆ. ರಂಬುಟಾನ್ ಎಲೆಯ ಅಂಚು ಸುಟ್ಟ ಹಾಗಿದೆ, ಫೆಬ್ರವರಿಯಿಂದ ಒಂದು ಚಿಗುರೂ ಇಲ್ಲ. ಬಾವಿಯಲ್ಲಿ ದಿನಕ್ಕೆ ಒಂದು ತಾಸು ಮೋಟರ್ ನಡೆಯುವಷ್ಟೇ ನೀರು. ದಿನಾ ಸ್ವಲ್ಪ ಸ್ವಲ್ಪ ಬಿಡಲೋ, ನಾಲ್ಕು ದಿನಕ್ಕೊಮ್ಮೆ ಬುಡ ತುಂಬ ಬಿಡಲೋ?

ಸೋಂದಾ ತೋಟ: 2012ರಲ್ಲಿ 22 ಮ್ಯಾಂಗೊಸ್ಟೀನ್ ನೆಟ್ಟೆ, ಈಗ ಇರುವುದು 9. ಹದಿಮೂರೂ ಹೋದದ್ದು 2016ರ ಬೇಸಿಗೆಯಲ್ಲಿ. ಕೆರೆ ಮಾರ್ಚ್‌ನಲ್ಲೇ ತಳ ಕಂಡಿತ್ತು. ಟ್ಯಾಂಕರ್ ಒಂದು ಟ್ರಿಪ್ಪಿಗೆ 900, ಏಪ್ರಿಲ್ ಒಂದರಲ್ಲೇ 14 ಟ್ರಿಪ್, ಒಟ್ಟು 12,600. ಮೇ ತಿಂಗಳಿಗೆ ಕೈ ಬರಿದಾಯಿತು, ನೀರು ನಿಲ್ಲಿಸಿದೆ. ಸತ್ತ ಗಿಡ ಒಂದನ್ನು ಅಗೆದು ನೋಡಿದೆ. ನಾಲ್ಕು ವರ್ಷದ ಗಿಡಕ್ಕೆ ತಾಯಿಬೇರು ಕೋಲಿನ ಹಾಗೆ ನೆಟ್ಟಗೆ, ಪಕ್ಕದ ಬೇರು ಎಣಿಸಿದರೆ ಎಂಟೋ ಒಂಬತ್ತೋ, ಕೂದಲಿನಂಥ ಎಳೆ ಬೇರು ಹುಡುಕಿದರೂ ಸಿಗಲಿಲ್ಲ. ಆ ಗಿಡದ ಗುಣವೇ ಅದು, ಮಣ್ಣಲ್ಲಿ ಪಸೆ ಇದ್ದರೂ ಎಳೆದುಕೊಳ್ಳುವ ತ್ರಾಣ ಕಡಿಮೆ. ಉಳಿದ ಒಂಬತ್ತೂ ಅಡಕೆ ನೆರಳಲ್ಲಿ, ಗೇಣು ದಪ್ಪ ದರಕಿನ (ಒಣಗಿ ಉದುರಿದ ಎಲೆ) ಹೊದಿಕೆಯಲ್ಲಿ ಇದ್ದವು. ಬಿಸಿಲಲ್ಲಿದ್ದದ್ದು ಒಂದೂ ಇಲ್ಲ. ಮೊದಲ ಹಣ್ಣು ತಿಂದದ್ದು 2021ರಲ್ಲಿ, ಅದೂ ಏಳು ಹಣ್ಣು.

ಅಂಕೋಲಾ ಇಶಾಡು: ನೀರು ಕೊಟ್ಟು ಕೆಟ್ಟವನು ನಾನು. ನಮ್ಮ ಕರಿ ಇಶಾಡು ಮಾವಿಗೆ 2023ರಲ್ಲಿ ಜಿಐ (ಊರಿನ ಹೆಸರಿನ ಗುರುತು) ಮಾನ್ಯತೆ ಬಂದ ಹುರುಪಿನಲ್ಲಿ 38,000 ಹಾಕಿ 40 ಮಾವಿನ ಮರಕ್ಕೆ ಡ್ರಿಪ್ ಎಳೆಸಿದೆ. ನವೆಂಬರ್, ಡಿಸೆಂಬರ್ ಬಿಡದೆ ನೀರು. ಮರ ತುಂಬ ಕೆಂಪು ಚಿಗುರು ಬಂತು, ಹೂವಿಲ್ಲ. ಬೇಲಿಯಾಚೆ ಹುಲ್ಲು ಬೇಣದಲ್ಲಿ ಯಾರೂ ಚೊಂಬು ನೀರು ಹಾಕದ ಮರ ಮೈತುಂಬ ಹೂ ಬಿಟ್ಟಿತ್ತು. ಮಳೆ ನಿಂತ ಮೇಲೆ ನೆಲ ಒಣಗಬೇಕು, ಆಗಲೇ ಚಿಗುರು ನಿಂತು ಕಡ್ಡಿ ಬಲಿತು ಹೂ ಬರುವುದು. ರಂಬುಟಾನಿಗೂ ಹೂವಿಗೆ ಮುಂಚೆ ಒಂದಿಷ್ಟು ದಿನ ಒಣ ಬೇಕು. ಕಾಯಿ ಕಚ್ಚಿದ ಮೇಲೆ ನೀರು ತಪ್ಪಿಸಬಾರದು. ತಪ್ಪಿಸಿ ಆಮೇಲೆ ಒಮ್ಮೆಲೇ ಸುರಿದರೆ ಸಿಪ್ಪೆ ಒಡೆಯುತ್ತದೆ.

ಸೋಂದಾ ತೋಟ: ಅವರದು ಎರಡು ವರ್ಷದ ಸಸಿ. ಹೂವಿನ ಮಾತು ಎಂತಕ್ಕೆ? ಒಣಗಿಸಿ ಅಂತ ಓದಿ ಯಾರಾದರೂ ನೀರು ನಿಲ್ಲಿಸಿದರೆ ಜವಾಬ್ದಾರಿ ಯಾರದ್ದು?

ಅಂಕೋಲಾ ಇಶಾಡು: ಸಸಿಗೆ ನಿಲ್ಲಿಸಿ ಎಂದು ನಾನು ಎಲ್ಲಿ ಬರೆದೆ? ಪೂರ್ತಿ ಓದಿ ಮಾತಾಡಿ. ನಿಮ್ಮ 13 ಗಿಡದ ಸಿಟ್ಟು ನನ್ನ ಮೇಲೆ ಬೇಡ.

ಕಾಳಿ ದಂಡೆ: ಅಂಚು ಸುಟ್ಟಿದೆ ಎಂದು ಓದಿ ಎದೆ ಧಸಕ್ಕೆಂದಿತು. ನಾನೂ ನೀರು ಸಾಲದು ಅಂತಲೇ ತಿಳಿದಿದ್ದೆ. ಹೆಚ್ಚು ಬಿಟ್ಟೆ, ಇನ್ನೂ ಸುಟ್ಟಿತು. ಮತ್ತೆ ಹೆಚ್ಚು ಬಿಟ್ಟೆ. ಬಾವಿ ನೀರು ಏಪ್ರಿಲ್‌ನಲ್ಲಿ ಸವಳಾಗಿತ್ತು, ಮನೆಗೆ ನಲ್ಲಿ ನೀರಿರುವುದರಿಂದ ಅದನ್ನು ಬಾಯಿಗೇ ಹಾಕಿರಲಿಲ್ಲ. ಹೊಳೆ ಇಳಿದಾಗ ಉಬ್ಬರದ ನೀರು ಒಳಗೆ ನುಗ್ಗಿ ದಂಡೆಯ ಬಾವಿಗೂ ಬರುತ್ತದೆ. ಉಪ್ಪಿದ್ದರೆ ಬುಡ ಒದ್ದೆಯಿದ್ದರೂ ಬೇರಿಗೆ ನೀರು ಹತ್ತುವುದಿಲ್ಲ. 25 ರಂಬುಟಾನ್, ಸಸಿಗೆ 350ರಂತೆ 8,750, ಗುಂಡಿ, ಗೊಬ್ಬರ, ಕೂಲಿ 11,000, ಎರಡು ವರ್ಷದ ಆರೈಕೆ. ಉಳಿದದ್ದು ನಾಲ್ಕು. ಮಿರ್ಜಾನಿನವರೇ, ನಿಮಗೂ ಅಘನಾಶಿನಿ ಹೊಳೆ ಹತ್ತಿರ. ಮೊದಲು ಬಾವಿ ನೀರು ರುಚಿ ನೋಡಿ.

ಹೊನ್ನಾವರದ ಅಕ್ಕ: ನನ್ನದು ಬಾಳೆ. ಗೊನೆ ಹಾಕುವ ಹೊತ್ತಿಗೆ ಪಂಪು ಸುಟ್ಟು 11 ದಿನ ನೀರಿಲ್ಲ. ಮಧ್ಯಾಹ್ನ ಎಲೆಗಳು ನಡುದಿಂಡಿನ ಎರಡೂ ಬದಿಗೆ ಛತ್ರಿ ಮಡಚಿದ ಹಾಗೆ ಜೋತು ಬೀಳುತ್ತಿದ್ದವು, ಸಂಜೆ ಬಿಚ್ಚುತ್ತಿದ್ದವು. ಬಿಚ್ಚುತ್ತವಲ್ಲ ಎಂದು ಸುಮ್ಮನಿದ್ದೆ. 60 ಗಿಡದಲ್ಲಿ 17ರ ಗೊನೆ ಕುತ್ತಿಗೆಯಲ್ಲೇ ಸಿಕ್ಕಿ, ಕಾಂಡ ಸೀಳಿ ಪಕ್ಕದಿಂದ ಹೊರಬಂತು. ಪಂಪ್ ರಿಪೇರಿ 4,200, ಹೋದ ಗೊನೆ ಅದರ ಎರಡರಷ್ಟು.

ಸಿದ್ದಾಪುರ ಬೋರ್: ಇಷ್ಟೆಲ್ಲ ಪಡಿಪಾಟಲು ಬೇಡ. ನಾನು 410 ಅಡಿ ಕೊರೆಸಿದೆ, ಮೋಟರ್, ಕೇಬಲ್ ಸೇರಿ 2,10,000. ಮೂರು ಬೇಸಿಗೆಯಿಂದ ಒಂದು ಗಿಡವೂ ಬಾಡಿಲ್ಲ.

ಸೋಂದಾ ತೋಟ: ನಿಮ್ಮ ಗಿಡ ಬಾಡಲಿಲ್ಲ, ಸುತ್ತಲಿನ ಬಾವಿ ಏನಾದವು? ನಮ್ಮ ಕೆಳಗಿನ ಮನೆಯವರು ಬೋರ್ ಹೊಡೆದ ಮರುವರ್ಷವೇ ನನ್ನ ಅಜ್ಜ ತೋಡಿಸಿದ ಬಾವಿ ಬತ್ತಿತು. ಬೆಟ್ಟದಲ್ಲಿ ಇಂಗುಗುಂಡಿ ತೆಗೆದೆವು, ಸೊಪ್ಪು ದರಕು ಹೊತ್ತು ಹಾಕಿದೆವು, ಹನಿ ನೀರು ಹಿಡಿದಿಟ್ಟೆವು. ನೀವು ಒಂದು ಮೋಟರ್ ಇಟ್ಟು ಎಳೆದಿರಿ.

ಸಿದ್ದಾಪುರ ಬೋರ್: ದರಕು ಹಾಕಿದ್ದೆ. ಒರಲೆ (ಗೆದ್ದಲು) ಹತ್ತಿ ಸಸಿ ತಿಂದವು. ಅಡಕೆ ಸುಳಿ ಒಣಗುವಾಗ ಮಕ್ಕಳ ಫೀಸು ಕಟ್ಟಬೇಕಿತ್ತು. ಆ ಸಾಲ ಇನ್ನೂ ತೀರಿಲ್ಲ.

ಹೊನ್ನಾವರದ ಅಕ್ಕ: ಒರಲೆ ಬರುವುದು ದರಕನ್ನು ಕಾಂಡಕ್ಕೆ ತಾಗಿಸಿದರೆ. ಒಂದು ಗೇಣು ಬಿಟ್ಟು ಹಾಕಬೇಕು ತಮ್ಮಾ.

ಮಿರ್ಜಾನ್ ಹಿತ್ತಲು: ಈಗ ಬಾವಿ ನೀರು ಕುಡಿದು ನೋಡಿದೆ. ನಾಲಿಗೆಯ ತುದಿಗೆ ಚೂರು ಸವಳು.

ಕಾಳಿ ದಂಡೆ: ಇವತ್ತೇ ರಂಬುಟಾನಿಗೆ ಬಿಡುವುದು ನಿಲ್ಲಿಸಿ. ಬಾಟಲಿಯಲ್ಲಿ ತುಂಬಿಸಿ ನೀರು ಪರೀಕ್ಷೆಗೆ ಕೊಡಿ. ಅಲ್ಲಿವರೆಗೆ ಮನೆಯ ಸಿಹಿನೀರು, ಸಂಜೆ ಹೊತ್ತಿಗೆ, ಗಿಡಕ್ಕೆ ಒಂದೊಂದು ಕೊಡ. ಮೂವತ್ತು ಗಿಡ ಕಷ್ಟ, ಗೊತ್ತು. ನಾನು ಹೊತ್ತಿರಲಿಲ್ಲ.