ಪದಚರ್ಚೆ: ಡಿಸ್ಕ್ ‘ಇಮೇಜ್’ ಚಿತ್ರವೋ ಅಚ್ಚೋ? ‘ಮೌಂಟ್’ಗೆ ‘ಹಾಕು’ ಸಾಲದೇ?

ಬಳಗದವರಿಗೆಲ್ಲ ನಮಸ್ಕಾರ.

ಹೋದ ತಿಂಗಳು ಅಳಿಯನಿಗೆ ವಾಟ್ಸ್ಆ್ಯಪ್‌ನಲ್ಲಿ ‘ಮೊದಲು ಡಿಸ್ಕಿನ ಚಿತ್ರ ತೆಗೆದಿಟ್ಟುಕೋ’ ಎಂದು ಬರೆದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ಸಿ.ಡಿ.ಯ ಎರಡು ಫೋಟೋ, ಒಂದೊಂದು ಬದಿಯದ್ದು. ಹೊಳೆಯುವ ಬದಿಯಲ್ಲಿ ಮೊಬೈಲ್ ಹಿಡಿದ ಅವನ ಕೈಯೂ ಹಿಂದಿನ ಅಂಗಳದಲ್ಲಿ ಹರವಿದ ಅಡಿಕೆಯೂ ಚೆನ್ನಾಗಿ ಕಾಣುತ್ತಿದ್ದವು. ಕೆಳಗೆ ಒಂದು ಸಾಲು: ‘ಸಾಕೇ ಮಾವ? ಇನ್ನೂ ಹತ್ತಿರದಿಂದ ತೆಗೆಯಬೇಕೇ?’

ತಪ್ಪು ಅವನದಲ್ಲ. ‘ಚಿತ್ರ ತೆಗೆ’ ಎಂದರೆ ಕನ್ನಡದಲ್ಲಿ ಫೋಟೋ ತೆಗೆ ಎಂದೇ. ಇಂಗ್ಲಿಷಿನ ‘ಇಮೇಜ್’ಗೆ ಚಿತ್ರವೆಂಬ ಅರ್ಥವೂ ಇದೆ, ತದ್ರೂಪವೆಂಬ ಅರ್ಥವೂ ಇದೆ. ನಾನು ಬೇಡದ್ದನ್ನು ಎತ್ತಿಕೊಂಡು ಬಂದೆ, ಅಷ್ಟೆ. ಆದರೆ ಅಂದಿನಿಂದ ಈ ಒಂದು ಕೆಲಸದ ಸುತ್ತ ಇರುವ ನಾಲ್ಕೈದು ಪದಗಳು ನನ್ನನ್ನು ಕಾಡುತ್ತಿವೆ. ನಿಮ್ಮ ಮುಂದಿಡುತ್ತೇನೆ.

ಸಂದರ್ಭ ಇಷ್ಟು. ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ, ಅಕ್ಕನ ಮನೆ ಪೆರ್ಲದ ಕಡೆ. ಅಳಿಯ ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ. ನನ್ನ ಕಾಲೇಜು ದಿನಗಳ ಗೇಮುಗಳಿರುವ ಸಿ.ಡಿ. ಚೀಲ ಅವನ ಕೈಗೆ ಸಿಕ್ಕಿದೆ. ಅವನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಯು.ಎಸ್.ಬಿ.ಗೆ ಸಿಕ್ಕಿಸುವ ಡಿವಿಡಿ ರೈಟರ್ ಒಂದನ್ನು ಕೊಟ್ಟಿದ್ದೇನೆ. ಗೇಮ್ ಆಡುವಾಗಲೆಲ್ಲ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಬದಲು, ಪ್ರತಿ ಡಿಸ್ಕಿನದ್ದೂ ಒಂದೊಂದು ಇಮೇಜ್ ಕಡತ (ಇಡೀ ಡಿಸ್ಕನ್ನು ಇದ್ದಂತೆಯೇ ಎತ್ತಿಟ್ಟ ಒಂದು ಕಡತ) ಮಾಡಿಟ್ಟುಕೊಂಡರೆ ಮತ್ತೆ ಡಿಸ್ಕ್ ಮುಟ್ಟಬೇಕಾಗಿಲ್ಲ. ಅವನ ಶಾಲೆಯ ಗೋಡೆಪತ್ರಿಕೆಗೆ ಇದನ್ನೇ ಒಂದು ಪುಟದಲ್ಲಿ ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ. ಬರೆಯಲು ಕುಳಿತಾಗ ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದೆ.

ಏಕೆಂದರೆ ಅದರಲ್ಲಿ ‘ಆಟ’ ಎಂಬ ಪದವಿತ್ತು. ಕುಂಬಳೆ ಸೀಮೆಯಲ್ಲಿ ಆಟ ಎಂದರೆ ಯಕ್ಷಗಾನ. ‘ನಿನ್ನೆ ಆಟಕ್ಕೆ ಹೋಗಿದ್ದೆ’ ಎಂದವನನ್ನು ಇಲ್ಲಿ ಯಾರೂ ಗೆದ್ದೆಯಾ ಸೋತೆಯಾ ಎಂದು ಕೇಳುವುದಿಲ್ಲ. ಯಾವ ಮೇಳ, ಯಾವ ಪ್ರಸಂಗ ಎಂದು ಕೇಳುತ್ತಾರೆ. ಕುಳಿತು ಅರ್ಥ ಹೇಳಿದರೆ ಕೂಟ, ವೇಷ ಕಟ್ಟಿ ಕುಣಿದರೆ ಆಟ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ಈ ಅರ್ಥವನ್ನು ಬಿಟ್ಟುಕೊಡುವ ಮಾತೇ ಇಲ್ಲ. ನಮ್ಮ ಮನೆಯಲ್ಲಿ ಅಪ್ಪನ ಯಕ್ಷಗಾನದ ವಿ.ಸಿ.ಡಿ.ಗಳಿದ್ದವು. ಒಂದು ವಿ.ಸಿ.ಡಿ.ಯಲ್ಲಿ ಹಿಡಿಯುವುದು ಒಂದೂಕಾಲು ಗಂಟೆಯ ದೃಶ್ಯ, ಆದ್ದರಿಂದ ಒಂದು ಪ್ರಸಂಗಕ್ಕೆ ಮೂರು ಡಿಸ್ಕ್. ಆ ಡಬ್ಬಿಯ ಮೇಲೆ ಅಪ್ಪ ‘ಆಟದ ಸಿ.ಡಿ.’ ಎಂದು ಬರೆದಿದ್ದರು. ನನ್ನ ಡಬ್ಬಿಯ ಮೇಲೆ ನಾನೂ ಅದನ್ನೇ ಬರೆದಿದ್ದೆ. ಗೆಳೆಯನೊಬ್ಬ ಕಾರ್ ರೇಸ್ ಎಂದುಕೊಂಡು ಒಂದನ್ನು ಒಯ್ದ. ಮರುದಿನ ತಂದುಕೊಟ್ಟವನು, ತನ್ನ ಅಜ್ಜಿಗೆ ಎರಡನೆಯ ಡಿಸ್ಕ್ ಬೇಕಂತೆ ಎಂದ. ಹಾಗಾಗಿ ಲೇಖನದಲ್ಲಿ ‘ಗೇಮ್’ ಎಂದೇ ಇಟ್ಟಿದ್ದೇನೆ. ಇದರಲ್ಲಿ ಚರ್ಚೆಗೆ ನಾನು ಸಿದ್ಧನಿಲ್ಲ.

ಡಿಸ್ಕಿಗೆ ಮಾತ್ರ ಕನ್ನಡ ಬೇಕೆಂದು ಮನಸ್ಸಾಯಿತು. ಹಾಡಿನ ಸಿ.ಡಿ.ಗೆ ಆಮಂತ್ರಣ ಪತ್ರಿಕೆಗಳಲ್ಲಿ ‘ಧ್ವನಿಸಾಂದ್ರಿಕೆ’ ಎಂದು ಅಚ್ಚಾಗುತ್ತಿತ್ತು. ಬಿಡುಗಡೆ ಸಮಾರಂಭದ ವೇದಿಕೆಯಿಂದ ಕೆಳಗಿಳಿದ ಮೇಲೆ ಆ ಪದವನ್ನು ಯಾರಾದರೂ ಆಡಿದ್ದನ್ನು ನಾನು ಕೇಳಿಲ್ಲ. ‘ಅಡಕ ತಟ್ಟೆ’ ಎಂದೂ ಓದಿದ್ದೇನೆ. ಅದನ್ನು ಅಡಿಕೆ ತೋಟದವರ ಮಕ್ಕಳ ಮುಂದೆ ಹೇಳಿ ನೋಡಿ! ಅವರ ಕಣ್ಣ ಮುಂದೆ ಬರುವುದು ಅಡಿಕೆ ಹಾಳೆಯನ್ನು ಒತ್ತಿ ಮಾಡಿದ, ಮದುವೆ ಮನೆಯಲ್ಲಿ ಪಾಯಸ ಬಡಿಸುವ ತಟ್ಟೆ. ಇನ್ನು ರೈಟರಿನಿಂದ ಹೊರಗೆ ಬರುವ ಟ್ರೇ ಕೂಡ ತಟ್ಟೆಯೇ ಅಲ್ಲವೇ? ‘ತಟ್ಟೆಯ ಮೇಲೆ ತಟ್ಟೆ ಇಡಿ’ ಎಂದು ಬರೆಯಬೇಕಾಗುತ್ತದೆ.

ನನಗೆ ಹಿಡಿಸಿದ್ದು ‘ಬಿಲ್ಲೆ’. ಕರ್ಪೂರದ ಬಿಲ್ಲೆ, ಜವಾನನ ಎದೆಯ ಮೇಲಿನ ಬಿಲ್ಲೆ, ಎಲ್ಲಕ್ಕಿಂತ ಮುಖ್ಯವಾಗಿ ಕುಂಟಾಬಿಲ್ಲೆ. ಚಪ್ಪಟೆಯಾದದ್ದು, ಕೈಯಲ್ಲಿ ಹಿಡಿಯುವಂಥದ್ದು, ಅದಿಲ್ಲದೆ ಆಟ ಶುರುವಾಗದು. ಹನ್ನೆರಡು ಸೆಂಟಿಮೀಟರ್ ಅಗಲದ ವಸ್ತುವಿಗೆ ಬಿಲ್ಲೆ ಎಂಬುದು ಚಿಕ್ಕದಾಯಿತು ಎಂದು ಅಕ್ಕನ ಆಕ್ಷೇಪ. ನೀವೇನು ಹೇಳುತ್ತೀರಿ?

ರೈಟರ್ ಎಂಬುದು ಅಂಗಡಿಯವರ ಪದ. ಓದಲು ಮಾತ್ರ ಬಳಸಿದರೂ ಅದು ರೈಟರ್. ಇದನ್ನು ಹೇಳುವಾಗ ಒಂದು ಸಂತೋಷ ಹಂಚಿಕೊಳ್ಳದೆ ಇರಲಾರೆ. ಖಾಲಿ ಸಿ.ಡಿ.ಗೆ ದತ್ತಾಂಶ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ‘ಬರ್ನ್’ ಎನ್ನುತ್ತಾರೆ, ‘ರೈಟ್’ ಎಂದೂ ಎನ್ನುತ್ತಾರೆ. ಕನ್ನಡದಲ್ಲಿ ಸಿ.ಡಿ. ಸುಡು ಎಂದರೆ ಹೊಗೆಯ ವಾಸನೆ ಬರುತ್ತದೆ. ಆದರೆ ‘ಬರೆ’ಯನ್ನು ನೋಡಿ. ಕೈಯಿಂದ ಬರೆಯುವುದೂ ಬರೆ. ಕಾದ ಕಬ್ಬಿಣದಿಂದ ಮೈಮೇಲೆ ಹಾಕುವುದೂ ಬರೆ. ರೈಟರಿನೊಳಗೆ ನಡೆಯುವುದು ಎರಡೂ: ಲೇಸರ್ ಕಿರಣ ಬಣ್ಣದ ತೆಳುಪದರವನ್ನು ಕಾಯಿಸಿ ಗುರುತು ಮೂಡಿಸುತ್ತದೆ. ಗುರುತು ಹಾಕುತ್ತ ಒಳಗಿನಿಂದ ಹೊರಗೆ ಸುರುಳಿಯಾಗಿ ಸಾಗುತ್ತದೆ. ‘ಸಿ.ಡಿ. ಬರೆ’ ಎಂದು ನಾವು ಇಷ್ಟು ವರ್ಷ ಹೇಳಿದ್ದು ಇಂಗ್ಲಿಷಿನ ಎರಡು ಪದಗಳ ಕೆಲಸವನ್ನು ಒಂದರಲ್ಲೇ ಮಾಡಿದೆ. ಇದನ್ನು ಯಾರೂ ಯೋಚಿಸಿ ಕಟ್ಟಿದ್ದಲ್ಲ ಎಂಬುದೇ ನನಗೆ ಇಷ್ಟ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇಮೇಜಿಗೆ ‘ನಕಲು’ ಬೇಡ ಎನ್ನಿಸುತ್ತದೆ. ಸ್ವಂತ ದುಡ್ಡು ಕೊಟ್ಟು ಕೊಂಡ ಡಿಸ್ಕಿನದ್ದಾದರೂ ಕಳ್ಳಮಾಲಿನ ಛಾಯೆ ಬರುತ್ತದೆ. ‘ಪ್ರತಿ’ ಎಂದರೆ ಕಡತಗಳನ್ನು ಒಂದೊಂದಾಗಿ ಎತ್ತಿಕೊಂಡಂತೆ. ಇಮೇಜ್ ಹಾಗಲ್ಲ. ಡಿಸ್ಕಿನ ಮೇಲೆ ಯಾವ ಕಡತ ಎಲ್ಲಿದೆ ಎಂಬ ಅನುಕ್ರಮವನ್ನೂ ಸೇರಿಸಿ ಇಡೀ ಡಿಸ್ಕನ್ನು ಒಂದೇ ಕಡತವಾಗಿ ಎತ್ತುವುದು. ‘ಪಡಿಯಚ್ಚು’ ಎಂಬ ಪದ ನಮ್ಮಲ್ಲಿ ಮೊದಲೇ ಇದೆ, ‘ಅಪ್ಪನ ಪಡಿಯಚ್ಚು’ ಎಂದು ಮಕ್ಕಳನ್ನು ತೋರಿಸಿ ಹೇಳುತ್ತೇವೆ. ಅಂಗಡಿಯಲ್ಲಿ ಮಾರುತ್ತಿದ್ದ ಗೇಮ್ ಡಿಸ್ಕುಗಳು ನಿಜವಾಗಿಯೂ ಅಚ್ಚಿಗೆ ಹಾಕಿ ಒತ್ತಿದವು; ಲೇಸರಿನಿಂದ ಬರೆದವಲ್ಲ. ಅಚ್ಚಿನಿಂದ ಬಂದ ಬಿಲ್ಲೆಗೆ ಪಡಿಯಚ್ಚು, ಬಾಯಿಗೂ ಕಷ್ಟವಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಪಡಿಯಚ್ಚು ಎಂದರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಬಾರದಲ್ಲ? ಇಮೇಜಿಗೆ ಎಲ್ಲರೂ ಬಳಸುವ ಐ.ಎಸ್.ಒ. ಎಂಬ ಬಗೆಯ ಕಡತ ಅಷ್ಟು ನಿಷ್ಠುರವಲ್ಲ. ಸಿ.ಡಿ.ಯಲ್ಲಿ ದತ್ತಾಂಶವಿರುವುದು ಸೆಕ್ಟರ್ ಎಂಬ ತುಂಡುಗಳಲ್ಲಿ. ಒಂದು ತುಂಡಿಗೆ 2,352 ಬೈಟ್. ಅದರಲ್ಲಿ ನಮ್ಮ ಕೆಲಸಕ್ಕೆ ಬರುವುದು 2,048. ಉಳಿದದ್ದು ವಿಳಾಸ, ತಪ್ಪು ತಿದ್ದುವ ಲೆಕ್ಕ ಇತ್ಯಾದಿ. ಐ.ಎಸ್.ಒ. ಕಡತ 2,048ನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಅಂದರೆ ಸುಲಿದ ಅಡಿಕೆ. ಬಿನ್, ಕ್ಯೂ ಎಂಬ ಜೋಡಿ ಕಡತಗಳು ಸಿಪ್ಪೆಸಹಿತ ಇಟ್ಟುಕೊಳ್ಳುತ್ತವೆ. ಸಿಪ್ಪೆ ಏಕೆ ಬೇಕು ಎಂದರೆ, ಆ ಕಾಲದ ಕೆಲವು ಗೇಮುಗಳಲ್ಲಿ ಸಂಗೀತ ಕಡತವಾಗಿ ಇರಲೇ ಇಲ್ಲ, ಹಾಡಿನ ಸಿ.ಡಿ.ಯಂತೆಯೇ ಟ್ರ್ಯಾಕುಗಳಾಗಿ ಇತ್ತು. 1996ರ ಕ್ವೇಕ್ ಎಂಬ ಗೇಮ್ ಹಾಗೆ. ಆ ಡಿಸ್ಕನ್ನು ಹಾಡಿನ ಪ್ಲೇಯರಿಗೆ ಹಾಕಿದರೆ ಎರಡನೆಯ ಟ್ರ್ಯಾಕಿನಿಂದ ಸಂಗೀತ ಕೇಳುತ್ತದೆ. ಅದನ್ನು ಐ.ಎಸ್.ಒ. ಮಾಡಿದರೆ ಗೇಮ್ ಬರುತ್ತದೆ, ಸಂಗೀತ ಬರುವುದಿಲ್ಲ; ಭಾಗವತರಿಲ್ಲದ ಆಟದ ಹಾಗೆ. ಈಗ ಕೇಳುತ್ತೇನೆ: ಎರಡಕ್ಕೂ ಪಡಿಯಚ್ಚು ಎನ್ನಬಹುದೇ? ಅಥವಾ ಸಿಪ್ಪೆಸಹಿತದ್ದಕ್ಕೆ ಪಡಿಯಚ್ಚು, ಸುಲಿದದ್ದಕ್ಕೆ ‘ತಿರುಳು’ ಎಂದು ಬೇರೆ ಮಾಡಬೇಕೇ? ಅಡಿಕೆ ವ್ಯಾಪಾರದಲ್ಲಿ ಈ ವ್ಯತ್ಯಾಸ ಮರೆತರೆ ನಷ್ಟವಾಗುತ್ತದೆ. ಇಲ್ಲೂ ಆಗುತ್ತದೆ ಎಂದು ನನ್ನ ಎಣಿಕೆ.

ಇನ್ನು ‘ಮೌಂಟ್’ ವಿಷಯ, ಅಂದರೆ ಇಮೇಜ್ ಕಡತವನ್ನು ಡ್ರೈವಿಗೆ ಹಾಕಿದ ಡಿಸ್ಕಿನಂತೆ ಕಂಪ್ಯೂಟರಿಗೆ ತೋರಿಸುವುದು. ವಿಂಡೋಸ್ 8 ಬಂದ 2012ರಿಂದ ಐ.ಎಸ್.ಒ. ಕಡತವನ್ನು ಎರಡು ಬಾರಿ ಒತ್ತಿದರೆ ಸಾಕು, ಇಲ್ಲದ ಡ್ರೈವೊಂದು ಹುಟ್ಟಿಕೊಂಡು ಅದರೊಳಗೆ ಡಿಸ್ಕ್ ಇರುವಂತೆ ತೋರುತ್ತದೆ. ಬಿನ್-ಕ್ಯೂ ಜೋಡಿಗೆ ಬೇರೆ ತಂತ್ರಾಂಶ ಬೇಕು; ವಿಂಡೋಸಿಗೂ ಹಿಂದಿನ ಡಾಸ್ ಕಾಲದ ಗೇಮಾದರೆ, ಅಂಥವನ್ನು ಈಗಿನ ಕಂಪ್ಯೂಟರಿನಲ್ಲಿ ಆಡಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಆ ಜೋಡಿಯನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಇದನ್ನು ನಮ್ಮ ಪೇಟೆಯಲ್ಲಿ ‘ಮೌಂಟ್ ಮಾಡು’ ಎಂದೂ ‘ಮೌಂಟ್ ಚೆಯ್ಯುಕ’ ಎಂದೂ ‘ಮೌಂಟ್ ಮಲ್ಪುಲೆ’ ಎಂದೂ ಕೇಳಬಹುದು. ಕನ್ನಡ, ಮಲಯಾಳ, ತುಳು ಮೂರೂ ಜಗಳವಿಲ್ಲದೆ ಒಪ್ಪಿಕೊಂಡ ಪದ. ಗಡಿನಾಡಿನಲ್ಲಿ ಅದೇ ಒಂದು ವಿಶೇಷ. ಲಿನಕ್ಸ್‌ನ ಕನ್ನಡ ರೂಪದಲ್ಲಿ ‘ಆರೋಹಿಸು’ ಎಂದು ನೋಡಿದ್ದೇನೆ. ಅಳಿಯನಿಗೆ ಅದನ್ನು ತೋರಿಸಿದಾಗ ‘ಹಾಗಾದರೆ ತೆಗೆಯುವುದಕ್ಕೆ ಅವರೋಹಣವೇ? ಸಂಗೀತ ತರಗತಿ ಇದ್ದ ಹಾಗಿದೆ’ ಎಂದ. ಮೂಲದಲ್ಲಿ ಮೌಂಟ್‌ಗೆ ಏರುವುದರ ಸಂಬಂಧವೂ ಅಷ್ಟಾಗಿ ಇಲ್ಲ. ದೊಡ್ಡ ಕಂಪ್ಯೂಟರುಗಳ ಕಾಲದಲ್ಲಿ ಟೇಪಿನ ಉರುಳೆಯನ್ನು ಯಂತ್ರಕ್ಕೆ ಸಿಕ್ಕಿಸುತ್ತಿದ್ದರು. ಆ ಸಿಕ್ಕಿಸುವ ಕೆಲಸದ ಹೆಸರು ಈಗಲೂ ಉಳಿದಿದೆ.

ಪೌರೋಹಿತ್ಯ ಮಾಡುವ ನನ್ನ ಭಾವ ಒಂದು ಜೋಡಿ ಕೊಟ್ಟರು: ‘ಆವಾಹನೆ, ವಿಸರ್ಜನೆ’. ಕಲಶದೊಳಗೆ ಕಣ್ಣಿಗೆ ಕಾಣುವುದು ನೀರು, ಆದರೆ ಆವಾಹನೆಯಾದ ಮೇಲೆ ದೇವರಿದ್ದಾನೆ ಎಂದೇ ಮುಂದಿನ ಕಾರ್ಯವೆಲ್ಲ. ಮುಗಿದ ಮೇಲೆ ವಿಸರ್ಜನೆ. ವಿವರಣೆಯಾಗಿ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಪದವಾಗಿ ಮಾತ್ರ ಭಾರವಾಯಿತು. ಜಾಂಬಿಗಳನ್ನು ಗುಂಡಿಕ್ಕುವ ಗೇಮಿಗೆ ಆವಾಹನೆ ಎಂದು ಬರೆಯಲು ಕೈ ಏಳುವುದಿಲ್ಲ.

ನನ್ನ ಒಲವು ‘ಹಾಕು, ತೆಗೆ’ ಎಂಬ ಬಡ ಜೋಡಿಯ ಕಡೆಗೆ. ಕ್ಯಾಸೆಟ್ ಹಾಕು, ಸಿ.ಡಿ. ಹಾಕು, ಸಿಮ್ ಹಾಕು. ಗೇಮ್ ನೋಡುವುದು ಡಿಸ್ಕ್ ಹಾಕಿದೆಯೇ ಎಂದು ಮಾತ್ರ; ಅದರ ಕಣ್ಣಿಗೆ ಹಾಕಿದ ಹಾಗೆ ಕಂಡರೆ ಹಾಕಿದಂತೆಯೇ. ‘ಪಡಿಯಚ್ಚು ಹಾಕಿ, ಗೇಮ್ ಶುರು ಮಾಡಿ, ಮುಗಿದ ಮೇಲೆ ತೆಗೆಯಿರಿ.’ ಈ ವಾಕ್ಯ ಒಂಬತ್ತನೆಯ ತರಗತಿಗೆ ಅರ್ಥವಾಗುತ್ತದೆ. ‘ಅಚ್ಚು ಹಾಕು’ ಎಂದರೆ ಮುದ್ರಿಸು ಎಂಬ ಅರ್ಥ ಅಡ್ಡ ಬರಬಹುದೇ ಎಂಬುದೊಂದೇ ಅಳುಕು.

ಆ ಇಲ್ಲದ ಡ್ರೈವಿಗೆ ಏನೆನ್ನೋಣ? ಪತ್ರಿಕೆಗಳು ‘ವರ್ಚುವಲ್’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ‘ಮಿಥ್ಯಾ ಡ್ರೈವ್’ ಎಂದರೆ ವೇದಾಂತದ ಉಪನ್ಯಾಸ. ನಾನು ‘ವೇಷದ ಡ್ರೈವ್’ ಎಂದು ಬರೆದಿದ್ದೇನೆ. ಇಲ್ಲಿನವರಿಗೆ ವೇಷ ಮರ್ಯಾದೆಯ ಪದ: ಬಣ್ಣದ ವೇಷ, ಸ್ತ್ರೀವೇಷ, ‘ಇವತ್ತು ಅವರದು ಯಾವ ವೇಷ?’ ವೇಷಧಾರಿ ದೇವೇಂದ್ರನಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಬೆಳಗಿನವರೆಗೆ ಅವನು ದೇವೇಂದ್ರನೇ. ಘಟ್ಟದ ಮೇಲಿನ ನೀವು ‘ವೇಷ ಹಾಕುತ್ತಾನೆ’ ಎಂದರೆ ಮೋಸಗಾರ ಎಂದು ತಿಳಿಯುತ್ತೀರಂತೆ, ಹೌದೇ? ಧಾರವಾಡ, ಮೈಸೂರು ಕಡೆಯವರು ದಯವಿಟ್ಟು ಹೇಳಬೇಕು. ಹಾಗಿದ್ದರೆ ನನ್ನ ಲೇಖನ ಚಂದ್ರಗಿರಿ ಹೊಳೆಯ ಆಸುಪಾಸಿಗೆ ಮಾತ್ರ ಸಲ್ಲುವಂಥದ್ದಾಗುತ್ತದೆ.

ಮೋಸದ ಮಾತು ಬಂದದ್ದರಿಂದ ಹೇಳುತ್ತೇನೆ. ವೇಷ ಎಷ್ಟು ಚೆನ್ನಾಗಿದ್ದರೂ ಒಪ್ಪದ ಗೇಮುಗಳಿವೆ. ಗೇಮ್ ತೆರೆದ ಕೂಡಲೇ ಮೂಲ ಡಿಸ್ಕ್ ಇದೆಯೇ ಎಂದು ಕೇಳುತ್ತದೆಯಲ್ಲ, ಅದಕ್ಕೆ ಅಳಿಯ ‘ಹಾಜರಿ ಕರೆಯುವುದು’ ಎಂದ. ಇದನ್ನು ನಾನು ಕೂಡಲೇ ಕದ್ದುಕೊಂಡೆ. ಬೇರೆಯವನು ‘ಹಾಜರ್’ ಎಂದು ಕೂಗಿದರೆ ಮುಖ ನೋಡದೆ ಗುರುತು ಹಾಕುವ ಮಾಸ್ತರರಿದ್ದಾರೆ, ತಲೆಯೆತ್ತಿ ನೋಡುವವರೂ ಇದ್ದಾರೆ. ಸೇಫ್‌ಡಿಸ್ಕ್ ಎಂಬ ಕಾವಲು ಎರಡನೆಯ ಜಾತಿ: ಡಿಸ್ಕಿನಲ್ಲಿ ಬೇಕೆಂದೇ ಓದಲಾಗದ ತುಂಡುಗಳನ್ನಿಟ್ಟು, ಅವು ಅಲ್ಲಲ್ಲೇ ಇವೆಯೇ ಎಂದು ಪರೀಕ್ಷಿಸುತ್ತಿತ್ತು. ತಮಾಷೆ ಏನೆಂದರೆ, 2015ರ ವಿಂಡೋಸ್ 10ರಿಂದ ಈಚೆಗೆ ಆ ಮಾಸ್ತರರಿಗೇ ತರಗತಿಯೊಳಗೆ ಪ್ರವೇಶವಿಲ್ಲ. ಭದ್ರತೆಯ ಕಾರಣಕ್ಕೆ ಮೈಕ್ರೋಸಾಫ್ಟ್ ಅದರ ಚಾಲಕ ತಂತ್ರಾಂಶವನ್ನು ಕೈಬಿಟ್ಟಿತು. ಹಾಗಾಗಿ ಅಸಲಿ ಡಿಸ್ಕ್, ಅಸಲಿ ರೈಟರ್ ಎರಡೂ ಇದ್ದರೂ ಹಾಜರಿ ಕರೆಯುವವರೇ ಇಲ್ಲದೆ ಗೇಮ್ ತೆರೆಯುವುದಿಲ್ಲ. ನಮ್ಮ ಚೀಲದಲ್ಲಿ ಅಂಥವು ಎರಡಿದ್ದವು. ಒಂದನ್ನು ಅಕ್ಕ ತೋಟಕ್ಕೆ ಬರುವ ಹಕ್ಕಿಗಳನ್ನು ಬೆದರಿಸಲು ಕಟ್ಟಿದ್ದಾಳೆ.

ಬೂಷ್ಟು ಹಿಡಿದವನ್ನು ಒರೆಸುವ ಬಗ್ಗೆಯೂ ಒಂದು ಸಾಲು ಬರೆಯಬೇಕಿತ್ತು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಒರೆಸಬಾರದು. ಸುರುಳಿಯ ಉದ್ದಕ್ಕೆ ಗೀರು ಬಿದ್ದರೆ ತಿದ್ದಿಕೊಳ್ಳಲು ಡ್ರೈವಿಗೆ ಹೆಚ್ಚು ಕಷ್ಟ. ದೋಸೆಕಲ್ಲಿಗೆ ಎಣ್ಣೆ ಸವರುವ ಹಾಗಲ್ಲ ಎಂದು ಬರೆದೆ. ಇದಕ್ಕೆ ಪದ ಬೇಕಾಗಲಿಲ್ಲ.

ಕೊನೆಗೆ ಒಂದು ತೂತಿನ ಪ್ರಶ್ನೆ. ರೈಟರಿನ ಮುಂಭಾಗದಲ್ಲಿ, ಗುಂಡಿಯ ಪಕ್ಕ, ಸೂಜಿ ಹೋಗುವಷ್ಟು ತೂತೊಂದು ಇರುತ್ತದೆ. ಕರೆಂಟ್ ಹೋದಾಗ ಅಥವಾ ಟ್ರೇ ಸಿಕ್ಕಿಕೊಂಡಾಗ ಕಾಗದದ ಕ್ಲಿಪ್ಪನ್ನು ನೇರ ಮಾಡಿ ಅದರೊಳಗೆ ಒತ್ತಿದರೆ ಕೊಂಡಿ ಬಿಟ್ಟು ಟ್ರೇ ಬೆರಳಗಲ ಹೊರಗೆ ಬರುತ್ತದೆ, ಮಿಕ್ಕದ್ದನ್ನು ಕೈಯಿಂದ ಎಳೆಯಬೇಕು. ನಮ್ಮ ಮನೆಯಲ್ಲಿ ಇದಕ್ಕೆ ‘ಕಿವಿ’ ಎನ್ನುತ್ತೇವೆ: ಕಿವಿ ಚುಚ್ಚಿದರೆ ಬಾಯಿ ಬಿಡುತ್ತದೆ. ನಿಮ್ಮ ಮನೆಗಳಲ್ಲಿ ಅದಕ್ಕೆ ಏನು ಹೆಸರಿತ್ತು?