ಪದಚರ್ಚೆ: ಗೇಮ್ ಅಂಗಡಿಯ ‘ಕ್ಯಾಪ್ಸೂಲ್’ ಚಿತ್ರಕ್ಕೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ನಾನು ಮೈಸೂರಿನಲ್ಲಿ ಪುಸ್ತಕಗಳ ಪುಟ ಕಟ್ಟುವ ಕೆಲಸ ಮಾಡುವವನು. ನಮ್ಮ ಅಕ್ಕನ ಮಗಳು ಮಂಡ್ಯದಲ್ಲಿದ್ದಾಳೆ. ಅವಳೂ ಅವಳ ಗೆಳತಿಯೂ ಸೇರಿ ಒಂದು ವಿಡಿಯೋ ಗೇಮ್ ಮಾಡುತ್ತಿದ್ದಾರೆ. ಹೆಸರು ‘ನೀರುಗಂಟಿ’. ಬೇರೆ ಕಡೆಯವರಿಗೆ ಹೇಳುವುದಾದರೆ, ನಾಲೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವವನೇ ನೀರುಗಂಟಿ. ಆಟವೂ ಅದೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಆಡುವವರು ತೀರ್ಮಾನ ಮಾಡಬೇಕು.

ಭಾನುವಾರಗಳಂದು ಅವಳು ಅಲ್ಲಿನ ಕೆಲವು ಕಾಲೇಜು ಹುಡುಗರಿಗೆ ಗೇಮ್ ಮಾಡುವುದನ್ನು ಹೇಳಿಕೊಡುತ್ತಾಳೆ, ಪೂರ್ತಿ ಕನ್ನಡದಲ್ಲೇ. ಅವರಿಗೆ ಅಂತ ಹತ್ತು ಪುಟದ ಕೈಪಿಡಿ ಬರೆದಿದ್ದಾಳೆ. ಆಟವನ್ನು ಮಾರಾಟಕ್ಕೆ ಇಡುವಾಗ ಅದರ ಚಿತ್ರ ಹೇಗಿರಬೇಕು ಅನ್ನುವುದು ವಿಷಯ. “ಮಾವ, ಪದ ಎಲ್ಲಾ ನೀವೇ ನೋಡಿಬಿಡಿ” ಅಂತ ನನಗೆ ಕಳಿಸಿದಳು. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ.

ಸ್ಟೀಮ್ ಅಂತ ಕಂಪ್ಯೂಟರ್ ಗೇಮ್‌ಗಳ ದೊಡ್ಡ ಆನ್‌ಲೈನ್ ಅಂಗಡಿ ಇದೆಯಲ್ಲ, ಅಲ್ಲಿ ಪ್ರತಿ ಆಟಕ್ಕೂ ಒಂದು ಗುರುತಿನ ಚಿತ್ರ ಇರುತ್ತದೆ. ಆಟದ ಹೆಸರು, ಹಿಂದೆ ಒಂದು ಚಿತ್ರ, ಅಷ್ಟೇ. ಅದಕ್ಕೆ ಅವರು ‘ಕ್ಯಾಪ್ಸೂಲ್’ ಅನ್ನುತ್ತಾರೆ. ಒಂದೇ ಚಿತ್ರವನ್ನು ಹಲವು ಅಳತೆಯಲ್ಲಿ ಮಾಡಿ ಕೊಡಬೇಕು. ಆಟದ ಪುಟದ ಮೇಲ್ಗಡೆ ಬರುವುದು 920×430 ಪಿಕ್ಸೆಲ್. ಅಂಗಡಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಬರುವುದು 1232×706. ಉದ್ದಕ್ಕೆ ನಿಂತದ್ದು 748×896. ಹುಡುಕಿದಾಗ ಪಟ್ಟಿಯಲ್ಲಿ ಬರುವ ಸಣ್ಣದು 462×174. ಆ ಸಣ್ಣದನ್ನು ಅಂಗಡಿಯೇ ಇನ್ನೂ ಕುಗ್ಗಿಸಿ 184×69, 120×45 ಮಾಡಿಕೊಳ್ಳುತ್ತದೆ. 120×45 ಅಂದರೆ ಹೆಚ್ಚುಕಡಿಮೆ ಒಂದು ಅಂಚೆ ಚೀಟಿ.

ಕ್ಯಾಪ್ಸೂಲ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಮೆಡಿಕಲ್ ಸ್ಟೋರು. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ‘ಪುಟ್ಟ ಪೆಟ್ಟಿಗೆ’. ಆ ಬೇರು ಹಿಡಿದು ಹೊರಟರೆ ನಮ್ಮಲ್ಲಿ ಕರಡಿಗೆ ಇದೆ, ಸಂಪುಟ ಇದೆ. ಕರಡಿಗೆ ಇಷ್ಟಲಿಂಗ ಇಡುವಂಥದ್ದು. ಅದನ್ನು ಅಂಗಡಿಗೆ ಎಳೆದು ತರಲು ನನಗೆ ಮನಸ್ಸಿಲ್ಲ. ಸಂಪುಟಕ್ಕೂ ಹಳೆಯ ಅರ್ಥ ಮುಚ್ಚಳದ ಪೆಟ್ಟಿಗೆಯೇ. ಆದರೆ ಅದೀಗ ಪುಸ್ತಕಗಳಿಗೂ ಮಂತ್ರಿಗಳಿಗೂ ಮೀಸಲಾಗಿಬಿಟ್ಟಿದೆ.

ಪುಸ್ತಕದ ಕೆಲಸದವನಲ್ವಾ, ನಾನು ಮೊದಲು ಹಾಕಿದ ಪದ ‘ಮುಖಪುಟ’. ಕೈಪಿಡಿಯಲ್ಲಿ ಎಲ್ಲಾ ಕಡೆ ಹಾಗೇ ತಿದ್ದಿ ಕಳಿಸಿದೆ. ಅವಳು ಅದನ್ನೇ ಇಟ್ಟುಕೊಂಡು ಒಂದು ಭಾನುವಾರ ಪಾಠ ಮಾಡಿದಳು. ಆಮೇಲೆ ಹುಡುಗರು ಬರೆದ ಚಿತ್ರಗಳನ್ನು ನನ್ನ ಫೋನಿಗೆ ಕಳಿಸಿದಳು. ನೋಡಿ ಬೇಜಾರಾಯಿತು. ಎಲ್ಲರೂ ಕಾದಂಬರಿಯ ಮುಖಪುಟವನ್ನೇ ಬರೆದಿದ್ದರು! ಕಾಗದವನ್ನು ಉದ್ದಕ್ಕೆ ಹಿಡಿದು, ಮೇಲೆ ಆಟದ ಹೆಸರು, ಕೆಳಗೆ ತಮ್ಮ ಹೆಸರು, ನಡುವೆ ಬೆಟ್ಟ, ಹೊಳೆ, ಸೂರ್ಯ, ಹಕ್ಕಿ ಸಾಲು. ಒಬ್ಬ ಹುಡುಗ ಮೂಲೆಯಲ್ಲಿ ಒಂದು ಚಕ್ರ ಬರೆದು ಅದರೊಳಗೆ ‘ಪ್ರಶಸ್ತಿ ಪಡೆದ ಆಟ’ ಅಂತಲೂ ಸೇರಿಸಿದ್ದ. ಅವರ ತಪ್ಪೇನಿಲ್ಲ. ನಾನು ಕೊಟ್ಟ ಪದ ಏನು ಹೇಳಿತೋ ಅದನ್ನೇ ಮಾಡಿದ್ದರು.

ನಿಜವಾಗಿ ಆ ಚಕ್ರಕ್ಕೆ ಅಲ್ಲಿ ಜಾಗವೇ ಇಲ್ಲ. 2022ರ ಸೆಪ್ಟೆಂಬರ್ 1ರಿಂದ ಸ್ಟೀಮ್‌ನಲ್ಲಿ ಒಂದು ನಿಯಮ ಇದೆ. ಆಟದ ಚಿತ್ರ, ಹೆಸರು, ಅಡಿಬರಹ ಇದ್ದರೆ ಅದು, ಇಷ್ಟು ಮಾತ್ರ ಇರಬೇಕು. ವಿಮರ್ಶೆಯ ಅಂಕ, ಪ್ರಶಸ್ತಿ, ರಿಯಾಯಿತಿ ಇವುಗಳ ಮಾತು ಎತ್ತುವ ಹಾಗಿಲ್ಲ. ಪುಸ್ತಕವಾದರೆ ಕೈಗೆ ಬರುತ್ತದೆ, ತಿರುಗಿಸಿ ಬೆನ್ನುಡಿ ಓದುತ್ತೇವೆ, ಒಳಗೆ ನಾಲ್ಕು ಪುಟ ಮಗುಚುತ್ತೇವೆ. ಇದು ಕೈಗೆ ಬರುವುದೇ ಇಲ್ಲ. ಸುತ್ತ ಹತ್ತಾರು ಚಿತ್ರ, ನೋಡುವವರ ಬೆರಳು ಸರಿಯುತ್ತಲೇ ಇರುತ್ತದೆ. ಅದಕ್ಕೇ ನನಗೆ ಈ ಪದದ ಬಗ್ಗೆ ಇಷ್ಟು ಕಾಳಜಿ. ಕಲಿಯುವ ಹುಡುಗನಿಗೆ ಪದ ಕೇಳಿದ ಕೂಡಲೇ ‘ಇದು ಚಿಕ್ಕದು, ಗುಂಪಿನ ನಡುವೆ ಇರುವಂಥದ್ದು’ ಅಂತ ಹೊಳೆಯಬೇಕು.

ಅವಳ ಆಟದ ಮೊದಲ ಚಿತ್ರವೂ ಹೀಗೇ ಆಗಿತ್ತು. ನಾಲೆ, ಏರಿ, ಭತ್ತದ ಗದ್ದೆ, ತೆಂಗಿನ ಸಾಲು, ಎತ್ತಿನ ಗಾಡಿ, ದೂರದಲ್ಲಿ ಗುಡಿ. ದೊಡ್ಡದಾಗಿ ನೋಡಿದರೆ ತುಂಬಾ ಚೆನ್ನಾಗಿತ್ತು. ನಾನು ಹೋಗಿದ್ದ ದಿನ ಅದನ್ನು 184 ಪಿಕ್ಸೆಲ್‌ಗೆ ಕುಗ್ಗಿಸಿ, ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಅಕ್ಕನ ಮುಂದೆ ಫೋನು ಹಿಡಿದಳು. ಅಕ್ಕ ಕೋಲು ಬಿಡದೆ ಓರೆಗಣ್ಣಲ್ಲಿ ನೋಡಿ, “ಏನೇ ಇದು, ತೊಟ್ಟೀಲಿ ಪಾಚಿ ಕಟ್ಟಿದಂಗದೆ” ಅಂದಳು.

ಎರಡನೇ ಚಿತ್ರದಲ್ಲಿ ಒಬ್ಬನೇ ಮನುಷ್ಯ. ತಲೆಗೆ ಟವೆಲ್ಲು, ಹೆಗಲ ಮೇಲೆ ಗುದ್ದಲಿ, ಒಂದು ಕೈ ತೂಬಿನ ಚಕ್ರದ ಮೇಲೆ. ಹಿಂದೆಲ್ಲಾ ಕೆಮ್ಮಣ್ಣಿನ ಬಣ್ಣ, ಕಾಲ ಬಳಿ ನೀಲಿ ನೀರಿನ ಒಂದೇ ಪಟ್ಟೆ. ಈ ಸಲ ಅಕ್ಕ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. “ನೀರ್ಗಂಟಿ ಅಲ್ವೇನೇ!” ಹೆಸರು ಇನ್ನೂ ಬರೆದೇ ಇರಲಿಲ್ಲ. ಗುದ್ದಲಿಯ ಹೊರಗೆರೆ ಸಾಕಾಯಿತು. ಕೈ ಚಕ್ರದ ಮೇಲೆ ಇರುವುದರಿಂದ ಆಡುವವರು ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಅಕ್ಷರದ ಬಗ್ಗೆಯೂ ಒಂದು ಮಾತು. ಆಟಕ್ಕೆ ಮೊದಲು ಇಟ್ಟಿದ್ದ ಹೆಸರು ‘ಗದ್ದೆಯ ಹೊತ್ತು’. ಕುಗ್ಗಿಸಿದಾಗ ‘ದ್ದೆ’, ‘ತ್ತು’ಗಳ ಒತ್ತು ಇರುವೆ ಸಾಲಿನ ಹಾಗಾಯಿತು. ಒತ್ತಿಗೆ ಕೆಳಗೆ ಜಾಗ ಬಿಡಬೇಕು, ಅದರಿಂದ ಮೇಲಿನ ಅಕ್ಷರವನ್ನೂ ಸಣ್ಣ ಮಾಡಬೇಕು. 69 ಪಿಕ್ಸೆಲ್ ಎತ್ತರದಲ್ಲಿ ಇದು ದೊಡ್ಡ ನಷ್ಟ. ‘ನೀರುಗಂಟಿ’ಯಲ್ಲಿ ಒಂದೂ ಒತ್ತಿಲ್ಲ. ನಾಲ್ಕೂ ಅಕ್ಷರ ಪೂರ್ತಿ ಎತ್ತರಕ್ಕೆ ನಿಲ್ಲುತ್ತವೆ. ಕನ್ನಡದಲ್ಲಿ ಹೆಸರಿಡುವವರು ಇದನ್ನು ಮೊದಲೇ ಯೋಚಿಸಿದರೆ ಒಳ್ಳೆಯದು.

ಇನ್ನೊಂದು ಪ್ರಶ್ನೆ ಕ್ರಿಯಾಪದದ್ದು. ಅವಳು ಕೈಪಿಡಿಯಲ್ಲಿ ‘ಚಿತ್ರ ಕಣ್ಣಿಗೆ ರಾಚುವಂತಿರಬೇಕು’ ಅಂತ ಬರೆದಿದ್ದಳು. ನಾನು ಹೊಡೆದುಹಾಕಿದೆ. ನನ್ನ ಕಿವಿಗೆ ರಾಚುವುದು ಅಂದರೆ ಹಿಂಸೆಯೇ. ಮಳೆ ಮುಖಕ್ಕೆ ರಾಚುತ್ತದೆ, ಎದುರು ಲಾರಿಯ ಬೆಳಕು ಕಣ್ಣಿಗೆ ರಾಚುತ್ತದೆ. ‘ಕಣ್ಣು ಕುಕ್ಕು’ವುದಕ್ಕೂ ಅದೇ ಗುಣ. ‘ಕಣ್ಣಿಗೆ ಹೊಡೆಯುತ್ತದೆ’ ಅಂತ ನಮ್ಮ ಕಡೆ ಸೀರೆಯ ಬಣ್ಣಕ್ಕೆ ಹೇಳುವುದು ಕೇಳಿದ್ದೇನೆ, ಅದೂ ಹೊಗಳಿಕೆ ಅಲ್ಲ. ನಾನು ಹಾಕಿದ್ದು ‘ಎದ್ದು ಕಾಣಬೇಕು’. ಒಂಟಿಯಾಗಿರುವುದು ಎದ್ದು ಕಾಣುವುದಿಲ್ಲ. ಸುತ್ತ ಬೇರೆಯವು ಇದ್ದರೆ ತಾನೇ ಎದ್ದು ಕಾಣುವುದು? ಈ ಕೆಲಸಕ್ಕೆ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಆದರೆ ಈಗಿನ ಹುಡುಗರು ‘ರಾಚು’ವನ್ನು ಒಳ್ಳೆಯ ಅರ್ಥದಲ್ಲೂ ಬಳಸುತ್ತಾರೆ ಅನ್ನುತ್ತಾಳೆ ಅವಳು. ನಿಮ್ಮ ಕಡೆ ಹೇಗೆ? ‘ಕಾಂಟ್ರಾಸ್ಟ್’ ಅನ್ನು ಮಾತ್ರ ಹಾಗೇ ಬಿಟ್ಟೆ. ಸೀರೆ ಅಂಗಡಿಯಲ್ಲಿ ಎಲ್ಲರೂ ‘ಕಾಂಟ್ರಾಸ್ಟ್ ಬಾರ್ಡರ್’ ಅಂತಲೇ ಕೇಳುತ್ತಾರೆ, ಅದು ನಮ್ಮದೇ ಆಗಿದೆ.

ಹಾಗೇ ‘ಇಂಡೀ ಗೇಮ್’, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬಿಬ್ಬರೇ ಸೇರಿ ಮಾಡುವ ಆಟ. ಹಕಾರ ಬಿಟ್ಟು ಮಾತಾಡುವ ಕಡೆ ಇದು ‘ಹಿಂದಿ ಗೇಮ್’ ಅಂತ ಕೇಳಿಸುತ್ತದೆ. ಅಕ್ಕ ಎಷ್ಟೋ ದಿನ ಹಾಗೇ ತಿಳಿದಿದ್ದಳು. ‘ಸ್ವಂತ ಗೇಮ್’ ಅಂತ ಬರೆದಿದ್ದೇನೆ, ಹುಡುಗರು ಒಪ್ಪಿದ್ದಾರೆ.

ಈಗ ಮುಖ್ಯ ಪದಕ್ಕೆ ಬರುತ್ತೇನೆ. ‘ಮುಖಚಿತ್ರ’ ಅಂದರೆ ಯಾರದೋ ಮುಖ ಬರೆದ ಚಿತ್ರ ಅನ್ನುವ ಅರ್ಥವೂ ಬರುತ್ತದೆ. ‘ಎಲೆ’ ನನಗೆ ತುಂಬಾ ಇಷ್ಟ. ಇಸ್ಪೀಟಿನ ಕಾರ್ಡಿಗೆ ನಾವು ಎಲೆ ಅನ್ನುತ್ತೇವೆ. ಮೈಸೂರಿನ ಗಂಜೀಫಾ ನೋಡಿ, ಕೈಯಲ್ಲಿ ಚಿತ್ರ ಬರೆದ ಹಳೇ ಕಾಲದ ಎಲೆಯಾಟ. ದಶಾವತಾರದ ಆಟದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಅಂಗೈಯಲ್ಲಿ ಅಡಗುವ ದುಂಡನೆಯ ಎಲೆ ಮೇಲೆ ಮೀನು, ಆಮೆ, ಕೊಡಲಿ ಕಂಡರೆ ಸಾಕು, ಯಾವ ಅವತಾರ ಅಂತ ಗೊತ್ತಾಗುತ್ತದೆ. ಚಿಕ್ಕ ಜಾಗದಲ್ಲಿ ಒಂದೇ ಗುರುತು ಬರೆಯುವ ವಿದ್ಯೆ ಇದೇ ಊರಿನದು. ಆದರೆ ‘ಆಟದ ಎಲೆ’ ಅಂದರೆ ಇಸ್ಪೀಟು ಆಟ ಅಂತ ತಿಳಿಯುವ ಅಪಾಯ ಇದೆ.

ಅವಳು ಹೇಳಿದ ಪದ ‘ಗೂಡುಚಿತ್ರ’. ಹಳೇ ಮನೆಯ ಗೋಡೆಯಲ್ಲಿ ದೀಪ ಇಡುವ ಗೂಡು ಇರುತ್ತಲ್ಲ, ಹಾಗೆ ಅಂಗಡಿಯ ಪುಟದಲ್ಲಿ ಸಾಲು ಸಾಲು ಗೂಡು, ಒಂದೊಂದರಲ್ಲಿ ಒಂದು ಚಿತ್ರ. ಮದ್ದೂರು, ಮಳವಳ್ಳಿ ಕಡೆಯ ಹುಡುಗರಿಗೆ ಗೂಡು ಅಂದರೆ ಮೊದಲು ರೇಷ್ಮೆ ಗೂಡೇ ನೆನಪಾಗುತ್ತದೆ ಅಂತ ನಾನು ಆಕ್ಷೇಪ ಎತ್ತಿದೆ. “ಆಗಲಿ ಬಿಡಿ ಮಾವ, ಅದೂ ಕ್ಯಾಪ್ಸೂಲ್ ತರಾನೇ ಇರೋದು” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಸದ್ಯಕ್ಕೆ ‘ಗೂಡುಚಿತ್ರ’ ಅಂತಲೇ ಹಾಕಿ, ಮೊದಲ ಸಲ ಬಂದಲ್ಲಿ ‘ಸ್ಟೀಮ್‌ನವರು ಇದನ್ನು ಕ್ಯಾಪ್ಸೂಲ್ ಅನ್ನುತ್ತಾರೆ’ ಅಂತ ಒಂದು ಸಾಲು ಸೇರಿಸಿದ್ದೇನೆ. ಹುಡುಗರು ನಾಳೆ ಅದನ್ನು ಹುಡುಕಬೇಕಲ್ಲ. ‘ಬೆನ್ನುಡಿ’ಯಷ್ಟು ಚೊಕ್ಕವಾದ ಪದ ಯಾರಿಗಾದರೂ ಹೊಳೆದರೆ ಈಗಲೇ ಬದಲಿಸುತ್ತೇನೆ. ಗಂಜೀಫಾ ಬರೆಯುವವರೋ, ಅಂಗಡಿ ಬೋರ್ಡು ಬರೆಯುವವರೋ ನಿಮಗೆ ಪರಿಚಯ ಇದ್ದರೆ, ದೂರದಿಂದ ಗುರುತು ಸಿಗುವ ಹಾಗೆ ಬರೆದ ಚಿಕ್ಕ ಚಿತ್ರಕ್ಕೆ ಅವರು ಏನನ್ನುತ್ತಾರೆ ಅಂತ ದಯವಿಟ್ಟು ಕೇಳಿ ತಿಳಿಸಿ. ಕೈಪಿಡಿ ಅಚ್ಚಿಗೆ ಹೋಗಲು ಇನ್ನು ಮೂರು ವಾರ ಇದೆ.